ಚಡ್ಡಿಗೆ ಜೇಬೇ ಮೊದಲು

ಹಳೆ ಮೈಸೂರು ಸೀಮೆಯ ಸಂತೆಗಳಲ್ಲಿ ಪಂಚೆ ಉಟ್ಟ ಹಿರಿಯರು ದುಡ್ಡು ಕೊಡುವ ರೀತಿ ಎಲ್ಲರಿಗೂ ಗೊತ್ತಿರುವಂಥದ್ದು. ಪಂಚೆಯ ಅಂಚನ್ನು ತೊಡೆಯ ಮೇಲಕ್ಕೆ ಎತ್ತಿ, ಒಳಗಿನ ಪಟ್ಟಾಪಟ್ಟಿ ಚಡ್ಡಿಯ ಜೇಬಿಗೆ ಮಣಿಕಟ್ಟು ಮುಳುಗುವವರೆಗೆ ಕೈ ಇಳಿಸಿ, ಮಡಿಸಿಟ್ಟ ನೋಟಿನ ಜೊತೆಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ, ಬೀಗದ ಕೈ ಎಲ್ಲವನ್ನೂ ಹೊರತೆಗೆದು, ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಮತ್ತೆ ಒಳಗೆ ತಳ್ಳುತ್ತಾರೆ. ನಮ್ಮ ನಾಟಕ, ಸಿನಿಮಾಗಳು ಈ ಚಡ್ಡಿಯನ್ನು ನಗೆಯ ಸರಕು ಮಾಡಿಕೊಂಡವು. ಆದರೆ ಅದನ್ನು ಹೊಲಿಗೆಯ ಕಣ್ಣಿನಿಂದ ನೋಡಿದರೆ ಬೇರೆಯದೇ ಕಾಣುತ್ತದೆ. ಬಣ್ಣದ ನೂಲಿನಿಂದಲೇ ಪಟ್ಟೆ ನೇಯ್ದ ಒರಟು ಹತ್ತಿ ಬಟ್ಟೆ, ಕುಕ್ಕರಗಾಲಲ್ಲಿ ಕೂತರೂ ಹರಿಯದ ಸಡಿಲ, ಸೊಂಟಕ್ಕೆ ಲಾಡಿ, ಎರಡೂ ಬದಿಗೆ ಆಳವಾದ ಜೇಬು. ಉತ್ತರ ಕರ್ನಾಟಕದ ಧೋತರದೊಳಗಿನ ಚೊಣ್ಣದ ಕತೆಯೂ ಇದೇ. ಅಲ್ಲಿ ಜೇಬಿಗೆ ಕಿಸೆ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಈಗ ಹೊಲಿಗೆ ಕಲಿಯುವ ಅನೇಕರು ಹೂವು, ಎಲೆ, ಚೌಕಳಿಯ ಬಟ್ಟೆ ತಂದು ಮನೆಯಲ್ಲೇ ಚಡ್ಡಿ ಹೊಲಿಯಲು ಕೂರುತ್ತಾರೆ. ಅವರಿಗೆ ಹೇಳಬೇಕಾದ ಮಾತು ಒಂದೇ: ಮನೆಯಲ್ಲಿ ಚಡ್ಡಿ ಹೊಲಿಯಲು ಇರುವ ಗಟ್ಟಿ ಕಾರಣ ಜೇಬು. ಉಳಿದೆಲ್ಲ ಕಾರಣಗಳೂ ಅದರ ಹಿಂದೆ ನಿಲ್ಲಬೇಕು.

ಹಣ ಉಳಿಯುತ್ತದೆ ಎಂಬ ಕಾರಣವನ್ನು ಮೊದಲೇ ಪಕ್ಕಕ್ಕಿಡೋಣ. ಅದು ನಿಲ್ಲುವುದಿಲ್ಲ. ಸುಮಾರಾದ ಹತ್ತಿ ಬಟ್ಟೆ, ಇಲಾಸ್ಟಿಕ್, ದಾರ ಇಷ್ಟಕ್ಕೆ ಆಗುವ ಖರ್ಚಿನಲ್ಲಿ ಫುಟ್‌ಪಾತಿನಲ್ಲಿ ಹೊಲಿದೇ ಮಾರುವ ಚಡ್ಡಿ ಸಿಗುತ್ತದೆ. ಕೆಲವೊಮ್ಮೆ ಅದಕ್ಕಿಂತ ಅಗ್ಗಕ್ಕೂ ಸಿಗುತ್ತದೆ. ಕಾರ್ಖಾನೆಯವರು ಬಟ್ಟೆಯನ್ನು ಸಾವಿರಾರು ಮೀಟರ್ ಲೆಕ್ಕದಲ್ಲಿ ಕೊಳ್ಳುತ್ತಾರೆ, ಹತ್ತಾರು ಪದರ ಪೇರಿಸಿ ಒಂದೇ ಸಲ ಕತ್ತರಿಸುತ್ತಾರೆ. ಒಂದೂಕಾಲು ಮೀಟರ್ ತಂದು ಊಟದ ಮೇಜಿನ ಮೇಲೆ ಹರಡಿಕೊಳ್ಳುವವರು ಆ ಬೆಲೆಯ ಜೊತೆ ಪೈಪೋಟಿಗೆ ಇಳಿಯುವುದೇ ತಪ್ಪು. ಇನ್ನು ಕೂಲಿಯನ್ನೂ ಲೆಕ್ಕಕ್ಕೆ ಹಿಡಿದರೆ ಮಾತೇ ಇಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಅಷ್ಟು ಅಗ್ಗವಾಗಿ ಕೊಡುವವನು ಏನನ್ನು ಬಿಟ್ಟು ಕೊಡುತ್ತಾನೆ?

ಬಿಡುವುದು ಬಹುಮಟ್ಟಿಗೆ ಜೇಬನ್ನು. ಇದಕ್ಕೆ ಬಟ್ಟೆಯ ಉಳಿತಾಯ ಕಾರಣ ಎಂದು ಹಲವರು ತಿಳಿಯುತ್ತಾರೆ, ಆದರೆ ಬಟ್ಟೆಯ ಪಾಲು ಅದರಲ್ಲಿ ಕಡಿಮೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಒಂದೊಂದು ಹೊಲಿಗೆಗೂ ಇಷ್ಟು ನಿಮಿಷ, ನಿಮಿಷದಲ್ಲೂ ಇಷ್ಟು ಭಾಗ ಎಂದು ಲೆಕ್ಕ ಕಟ್ಟಿರುತ್ತಾರೆ. ಜೇಬಿಲ್ಲದ ಇಲಾಸ್ಟಿಕ್ ಚಡ್ಡಿಗೆ ಕಾಲಿನ ಒಳಹೊಲಿಗೆ, ಪಕ್ಕದ ಹೊಲಿಗೆ, ನಡುವಿನ ಹೊಲಿಗೆ, ಸೊಂಟ, ಕೆಳಗಿನ ಮಡಿಕೆ ಇಷ್ಟಾದರೆ ಮುಗಿಯಿತು. ಎರಡು ಜೇಬು ಸೇರಿಸಿದರೆ ನಾಲ್ಕು ತುಂಡು ಹೆಚ್ಚುವರಿಯಾಗಿ ಕತ್ತರಿಸಬೇಕು, ಅವುಗಳನ್ನು ಮುಂದೆ ಹಿಂದೆ ಅಂಟಿಸಬೇಕು, ಬಾಯಿ ಮಡಿಸಿ ಮೇಲುಹೊಲಿಗೆ ಹಾಕಬೇಕು, ಚೀಲ ಮುಚ್ಚಬೇಕು, ಅಂಚಿಗೆ ಓವರ್‌ಲಾಕ್, ಬಾಯಿಯ ಎರಡು ತುದಿಗೆ ಬಿಗಿ ಹೊಲಿಗೆ. ಹೊಲಿಗೆಯ ಸಾಲಿನಲ್ಲಿ ಕೂತವರ ಕೈಯಿಂದ ಇಷ್ಟೂ ನಡೆಯಬೇಕು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಈ ಸಾಲುಗಳಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಹೆಂಗಸರು. ಹೊರದೇಶದ ಗಂಡಸರ ಪ್ಯಾಂಟಿಗೆ ದಿನವಿಡೀ ಜೇಬು ಕೂರಿಸುವ ಕೈಗಳು ಸಂಜೆ ಬಸ್ ಚಾರ್ಜಿನ ಚಿಲ್ಲರೆಯನ್ನು ಪರ್ಸಿನಲ್ಲೋ ಕರವಸ್ತ್ರದ ಗಂಟಿನಲ್ಲೋ ಇಟ್ಟುಕೊಳ್ಳುತ್ತಿದ್ದವು. ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಚಿಲ್ಲರೆಯ ಕಾಟ ತಪ್ಪಿತು, ಗುರುತಿನ ಚೀಟಿ ಇಡಲು ಜಾಗ ಮಾತ್ರ ಇನ್ನೂ ಬೇಕು.

ಜೇಬನ್ನು ಪೂರ್ತಿ ಬಿಡದಿದ್ದರೂ ಕಿರಿದಾಗಿಸುವುದು ಇನ್ನೊಂದು ದಾರಿ. ಇದು ಬರಿಯ ಗೊಣಗಾಟವಲ್ಲ, ಅಳೆದು ನೋಡಿದ ಸಂಗತಿ. ಅಮೆರಿಕದ ‘ದಿ ಪುಡಿಂಗ್’ ಎಂಬ ಅಂತರ್ಜಾಲ ಪತ್ರಿಕೆ 2018ರಲ್ಲಿ ಅಲ್ಲಿನ 20 ಹೆಸರಾಂತ ಬ್ರ್ಯಾಂಡುಗಳ ಜೀನ್ಸ್‌ಗಳನ್ನು ಅಳೆಯಿತು. ಸೊಂಟದ ಅಳತೆ ಒಂದೇ ಇದ್ದರೂ ಹೆಂಗಸರ ಜೀನ್ಸ್‌ನ ಮುಂದಿನ ಜೇಬು ಗಂಡಸರದ್ದಕ್ಕಿಂತ ಸರಾಸರಿ ಶೇ. 48ರಷ್ಟು ಗಿಡ್ಡ, ಶೇ. 6.5ರಷ್ಟು ಕಿರಿದು ಎಂದು ಕಂಡುಬಂತು. ಅಗಲದಲ್ಲಿ ಅಷ್ಟೇನೂ ಭೇದವಿಲ್ಲ, ಆಳದಲ್ಲಿ ಅರ್ಧಕ್ಕರ್ಧ ಖೋತಾ ಎಂಬುದನ್ನು ಗಮನಿಸಬೇಕು. ಹೊರಗಿನಿಂದ ನೋಡಿದರೆ ಜೇಬಿದೆ, ಕೈ ಹಾಕಿದರೆ ಬೆರಳಷ್ಟೇ ಇಳಿಯುತ್ತದೆ. ಅಳತೆ ಅಮೆರಿಕದ್ದಾದರೂ ಚಾಳಿ ಅಲ್ಲಿಗೇ ನಿಂತಿಲ್ಲ. ನಮ್ಮ ಅಂಗಡಿಗಳಲ್ಲಿ ಹೆಣ್ಣುಮಕ್ಕಳ ರಾತ್ರಿಯುಡುಪಿನ ಚಡ್ಡಿಗಳ ಜೇಬಿಗೆ ಕೈ ಹಾಕಿ ನೋಡಿದರೆ ಹಲವದಕ್ಕೆ ಬಾಯಿಯ ಹೊಲಿಗೆ ಮಾತ್ರ ಇರುತ್ತದೆ, ಹಿಂದೆ ಚೀಲವೇ ಇರುವುದಿಲ್ಲ.

ಹೆಂಗಸರು ಯಾವಾಗಲೂ ಹೀಗೆ ಬರಿಗೈಯಲ್ಲೇ ಇದ್ದರು ಎನ್ನುವಂತೆಯೂ ಇಲ್ಲ. 17ನೇ ಶತಮಾನದಿಂದ ಇಂಗ್ಲೆಂಡಿನ ಹೆಂಗಸರು ಲಂಗದ ಒಳಗೆ ಸೊಂಟಕ್ಕೆ ಲಾಡಿಯಿಂದ ಕಟ್ಟಿಕೊಳ್ಳುವ ಜೋಡಿ ಜೇಬುಗಳನ್ನು ಬಳಸುತ್ತಿದ್ದರು. ಲಂಗದ ಪಕ್ಕದ ಸೀಳಿನಲ್ಲಿ ಕೈ ತೂರಿಸಿದರೆ ಸಿಗುತ್ತಿದ್ದ ಆ ಜೇಬುಗಳಲ್ಲಿ ಸೂಜಿ ದಾರದಿಂದ ಹಿಡಿದು ತಿಂಡಿಯವರೆಗೆ ಎಲ್ಲ ಇರುತ್ತಿತ್ತು. 18ನೇ ಶತಮಾನದ ಕೊನೆಗೆ ಮೈಗಂಟುವ ತೆಳು ಉಡುಪಿನ ಗೀಳು ಹಿಡಿದಾಗ ಅವುಗಳಿಗೆ ಜಾಗ ತಪ್ಪಿ ಪುಟ್ಟ ಕೈಚೀಲ ಬಂತು. ನಮ್ಮಲ್ಲೂ ಸೊಂಟಕ್ಕೆ ಸಿಕ್ಕಿಸುವ ಎಲೆಯಡಿಕೆ ಸಂಚಿ ಇತ್ತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಆ ಸಂಚಿಯ ಊಳಿಗದಲ್ಲಿದ್ದ ಕವಯಿತ್ರಿ ಹೊನ್ನಮ್ಮನನ್ನು ಕನ್ನಡ ಕಾವ್ಯ ಮರೆತಿಲ್ಲ. ಸೀರೆಯ ಸೆರಗಿನ ಗಂಟು, ಸೊಂಟದ ಮಡಿಕೆಯ ಉಡಿ, ಇವೆಲ್ಲ ಜೇಬಿನ ಕೆಲಸವನ್ನೇ ಮಾಡುತ್ತಿದ್ದವು. ಸೀರೆ ಹೋಗಿ ನೈಟಿ, ಲೆಗ್ಗಿಂಗ್ಸ್, ಚಡ್ಡಿ ಬಂದಾಗ ಸೆರಗೂ ಹೋಯಿತು, ಉಡಿಯೂ ಹೋಯಿತು, ಅವುಗಳ ಬದಲಿಗೆ ಬರಬೇಕಾದ ಜೇಬು ಮಾತ್ರ ಬರಲಿಲ್ಲ. ನೈಟಿಗೆ ಈಗೀಗ ಪಕ್ಕದಲ್ಲೊಂದು ಜೇಬು ಬಂದಿದ್ದರೆ ಅದಕ್ಕೆ ಮೊಬೈಲಿಗೆ ಕೃತಜ್ಞತೆ ಹೇಳಬೇಕು.

ಜೇಬಿಗೆಂದು ಬಟ್ಟೆ ಹೆಚ್ಚು ಬೇಕಾಗುತ್ತದೆ ಎಂಬ ಮಾತನ್ನು ಕತ್ತರಿ ಹಿಡಿದೇ ಪರೀಕ್ಷಿಸಬಹುದು. ಆಸನದ ಸುತ್ತಳತೆ 40 ಇಂಚು ಇರುವವರಿಗೆ ಮಂಡಿಗಿಂತ ಮೇಲೆ ನಿಲ್ಲುವ ಸಡಿಲ ಚಡ್ಡಿ ಎಂದಿಟ್ಟುಕೊಳ್ಳಿ. ಕಾಲುಭಾಗ 10 ಇಂಚು, ಸಡಿಲಕ್ಕೆ ಒಂದೂಕಾಲು, ಮುಂಭಾಗದ ಕವಲಿಗೆ 2, ಹೊಲಿಗೆಗೆ 1: ಮುಂದಿನ ತುಂಡು ಅತಿ ಅಗಲ ಇರುವಲ್ಲಿ ಹದಿನಾಲ್ಕೂಕಾಲು ಇಂಚು. ಹಿಂಭಾಗಕ್ಕೆ ಕೂರುವ ಜಾಗ ಬೇಕಾದ್ದರಿಂದ ಕವಲು ಸುಮಾರು 4 ಇಂಚು ಹೊರಚಾಚುತ್ತದೆ, ಹಾಗಾಗಿ ಹದಿನಾರೂಕಾಲು. ಉದ್ದ ಮುಂದಕ್ಕೆ ಸುಮಾರು 22, ಹಿಂದಕ್ಕೆ ಒಂದೂವರೆ ಇಂಚು ಹೆಚ್ಚು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 44 ಇಂಚು ಪನ್ನದ ಬಟ್ಟೆಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿದರೆ 22 ಇಂಚು ಅಗಲ ಸಿಗುತ್ತದೆ, ಒಗೆದು ಕುಗ್ಗಿದ ಮೇಲೆ ಇಪ್ಪತ್ತೊಂದೂವರೆ ಎನ್ನಿ. ಮುಂದಿನ ತುಂಡು, ಹಿಂದಿನ ತುಂಡು ಎರಡೂ ಅಕ್ಕಪಕ್ಕ ಹಿಡಿಸುವುದಿಲ್ಲ, ಒಂದರ ಕೆಳಗೆ ಒಂದು ಇಡಲೇಬೇಕು. ಅಲ್ಲಿಗೆ ಒಂದೂಕಾಲು ಮೀಟರ್. ಈಗ ಹರಡಿದ ಬಟ್ಟೆಯನ್ನು ನೋಡಿ. ಕವಲು ಚಾಚಿಕೊಳ್ಳುವುದು ಕೆಳಗಡೆ. ಅದರ ಮೇಲ್ಭಾಗದಲ್ಲಿ, ಸೊಂಟದ ಕಡೆಗೆ, ತುಂಡಿನ ಅಗಲ ಹನ್ನೆರಡು ಹನ್ನೆರಡೂವರೆ ಇಂಚು ಮಾತ್ರ. ಅಂದರೆ ಪಕ್ಕದಲ್ಲಿ 9 ಇಂಚು ಅಗಲದ ಬಟ್ಟೆ ಸುಮ್ಮನೆ ಉಳಿದಿದೆ, ಮುಂಭಾಗದ ಪಕ್ಕ ಒಂದು ಕಡೆ, ಹಿಂಭಾಗದ ಪಕ್ಕ ಇನ್ನೊಂದು ಕಡೆ. 7 ಇಂಚು ಅಗಲ, 13 ಇಂಚು ಉದ್ದದ, ಬುಡ ದುಂಡಗಿರುವ ಜೇಬಿನ ತುಂಡು ಆ ಎರಡೂ ಜಾಗಗಳಲ್ಲಿ ಒಂದೊಂದು ಕೂರುತ್ತದೆ. ಬಟ್ಟೆ ಎರಡು ಪದರ ಇರುವುದರಿಂದ ಒಟ್ಟು ನಾಲ್ಕು ತುಂಡು, ಅಂದರೆ ಎರಡು ಜೇಬಿಗೆ ಬೇಕಾದಷ್ಟು. ಒಂದು ಸೆಂಟಿಮೀಟರ್ ಕೂಡ ಹೆಚ್ಚು ಕೊಂಡಿಲ್ಲ. ಜೇಬು ಬೇಡವೆಂದು ಬಿಟ್ಟಿದ್ದರೆ ಆ ಬಟ್ಟೆ ಒಲೆಯ ಮಸಿಬಟ್ಟೆಯಾಗುತ್ತಿತ್ತು.

ಮನೆಯ ಹೊಲಿಗೆಗೂ ಕಾರ್ಖಾನೆಯ ಹೊಲಿಗೆಗೂ ಇರುವ ಭೇದ ಇದೇ. ಅವರಿಗೆ ದುಬಾರಿಯಾದದ್ದು ನಿಮಿಷ. ಮನೆಯಲ್ಲಿ ಹೊಲಿಯುವವರು ನಿಮಿಷಕ್ಕೆ ಬಿಲ್ಲು ಹಾಕುವುದಿಲ್ಲ, ಬಟ್ಟೆಯಂತೂ ಪುಕ್ಕಟೆ ಸಿಕ್ಕಿದೆ. ಇಷ್ಟಾದ ಮೇಲೂ ಮನೆಯ ಚಡ್ಡಿಗೆ ಜೇಬಿಲ್ಲ ಎಂದರೆ ಅದಕ್ಕೆ ಅಂಜಿಕೆಯೊಂದೇ ಕಾರಣ. ಹೊಲಿಗೆ ಕಲಿಸುವವರೂ “ಮೊದಲ ಚಡ್ಡಿಗೆ ಜೇಬು ಬೇಡ, ಕೈ ಕುದುರಲಿ” ಎನ್ನುತ್ತಾರೆ. ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ಚಡ್ಡಿಯಲ್ಲಿ ನಿಜಕ್ಕೂ ಕೈಕೊಡುವ ಜಾಗ ನಡುವಿನ ಬಾಗು. ಹಿಂದಿನ ಬಾಗು ಮುಂದಿನದಕ್ಕಿಂತ ಆಳ ಎಂಬುದನ್ನು ಮರೆತು ಎರಡನ್ನೂ ಒಂದೇ ಅಚ್ಚಿನಲ್ಲಿ ಕತ್ತರಿಸಿದರೆ ಕೂತಾಗ ಹಿಂದೆ ಜಗ್ಗಿ ಹೊಲಿಗೆ ಬಿಡುತ್ತದೆ. ಅದನ್ನು ಕಲಿಯಲು ಹೆದರದವರು ನೇರ ಹೊಲಿಗೆಯ ಜೇಬಿಗೆ ಹೆದರುವುದು ವಿಚಿತ್ರ.

ಜೇಬು ಹೊಲಿಯುವುದೇ ಒಂದು ಯೋಚನೆಯ ಕೆಲಸ, ಏಕೆಂದರೆ ಅದು ಭಾರ ಹೊರಬೇಕು. ಈಗಿನ ಮೊಬೈಲು ಸುಮಾರು 16 ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲ, 200 ಗ್ರಾಂ ಆಸುಪಾಸು ತೂಕ. ಪಕ್ಕದ ಹೊಲಿಗೆಗೆ ಮಾತ್ರ ಅಂಟಿಕೊಂಡು ನೇತಾಡುವ ಚೀಲದಲ್ಲಿ ಇದನ್ನು ಹಾಕಿದರೆ ನಡೆಯುವಾಗ ತೊಡೆಗೆ ಬಡಿಯುತ್ತದೆ, ಪಕ್ಕದ ಹೊಲಿಗೆ ಜೋಲುತ್ತದೆ. ಇದಕ್ಕೆ ಮದ್ದು ಸುಲಭ: ಜೇಬಿನ ಮೇಲಂಚನ್ನು ಸೊಂಟದ ಪಟ್ಟಿಯವರೆಗೆ ಏರಿಸಿ, ಪಟ್ಟಿ ಮಡಿಸಿ ಹೊಲಿಯುವಾಗ ಅದನ್ನೂ ಸೇರಿಸಿ ಹೊಲಿಯಬೇಕು. ಆಗ ಭಾರವನ್ನು ಸೊಂಟ ಹೊರುತ್ತದೆ. ಬಾಯಿ ಪಟ್ಟಿಯಿಂದ ಒಂದೂವರೆ ಇಂಚು ಕೆಳಗೆ ಶುರುವಾಗಿ 6 ಇಂಚು ಇರಲಿ; ಅದರ ಕೆಳಗೆ ಇನ್ನೂ 5 ಇಂಚು ಆಳ ಉಳಿಯುತ್ತದೆ. ನಿಂತಾಗ ಸರಿಯಿದ್ದ ಜೇಬು ಕೂತಾಗ ಮೋಸ ಮಾಡುವುದುಂಟು. ತೊಡೆ ಅಡ್ಡವಾದಾಗ ಪಕ್ಕದ ಬಾಯಿಯೂ ಅಡ್ಡವಾಗುತ್ತದೆ, ಮೊಬೈಲು ಮೆಲ್ಲನೆ ಸೋಫಾದ ಸಂದಿಗೆ ಜಾರುತ್ತದೆ. ಅದಕ್ಕೇ ಚೀಲದ ಬುಡವನ್ನು ಮುಂದಕ್ಕೆ, ಒಳತೊಡೆಯ ಕಡೆಗೆ ಓರೆಯಾಗಿ ಕತ್ತರಿಸುವುದು. ಟೈಲರುಗಳು ಕ್ರಾಸ್ ಪಾಕೆಟ್ ಎನ್ನುವ ಓರೆ ಬಾಯಿಯ ಜೇಬು ಇನ್ನೂ ಗಟ್ಟಿ, ಸ್ವಲ್ಪ ಕೆಲಸ ಹೆಚ್ಚು. ಬಾಯಿಯ ಎರಡು ತುದಿಗಳಲ್ಲಿ ಹಿಂದೆ ಮುಂದೆ ಮೂರ್ನಾಲ್ಕು ಸಲ ಹೊಲಿಗೆ ಓಡಿಸಿದರೆ ಕೈ ಹಾಕುವ ರಭಸಕ್ಕೆ ಹರಿಯುವುದಿಲ್ಲ. ಚೀಲದ ಅಂಚನ್ನು ಮೊದಲು ಹೊರಗಿನಿಂದ ಹೊಲಿದು, ತಿರುವಿ, ಮತ್ತೆ ಒಳಗಿನಿಂದ ಹೊಲಿದರೆ ಓವರ್‌ಲಾಕ್ ಮಿಷನ್ ಇಲ್ಲದ ಮನೆಯಲ್ಲೂ ಎಳೆ ಬಿಡದ ಜೇಬಾಗುತ್ತದೆ. ಇನ್ನು 200 ಗ್ರಾಂ ಭಾರಕ್ಕೆ ಬರೀ ಇಲಾಸ್ಟಿಕ್ ಸಾಲದು, ಎಷ್ಟೇ ಬಿಗಿ ಇದ್ದರೂ ಕೆಲವೇ ತಿಂಗಳಲ್ಲಿ ಸಡಿಲಗೊಂಡು ಚಡ್ಡಿ ಒಂದು ಬದಿಗೆ ವಾಲುತ್ತದೆ. ಇಲಾಸ್ಟಿಕ್ ಜೊತೆಗೆ ಲಾಡಿಯನ್ನೂ ಪೋಣಿಸಬೇಕು. ಪಟ್ಟಾಪಟ್ಟಿ ಚಡ್ಡಿಯ ಲಾಡಿಯನ್ನು ಹಳ್ಳಿಗಾಡಿನ ಅವಶೇಷ ಎಂದುಕೊಂಡವರಿಗೆ ಅದು ಹೊರುತ್ತಿದ್ದ ಭಾರ ಕಂಡಿರಲಿಲ್ಲ.

ಚಿತ್ತಾರದ ಬಟ್ಟೆಯೇ ಏಕೆ ಎಂಬ ಪ್ರಶ್ನೆಗೆ ಅಂದ ಎಂಬ ಉತ್ತರ ಸಾಕಾಗಬಹುದು. ಆದರೆ ಕೆಲಸದ ಕಾರಣವೂ ಇದೆ. ಚಿಕ್ಕ ಹೂವು, ಚುಕ್ಕೆ, ಒತ್ತೊತ್ತಾದ ಎಲೆಗಳ ಬಟ್ಟೆ ಹೊಸಬರ ಹೊಲಿಗೆಯ ಸೊಟ್ಟವನ್ನು ನುಂಗಿಬಿಡುತ್ತದೆ, ಪಕ್ಕದ ಜೇಬಿನ ಬಾಯಿಯೂ ಅದರಲ್ಲಿ ಕಾಣದಂತೆ ಸೇರಿಹೋಗುತ್ತದೆ. ಪಟ್ಟೆ, ಚೌಕಳಿ ಇದಕ್ಕೆ ತದ್ವಿರುದ್ಧ: ತಪ್ಪನ್ನು ಎತ್ತಿ ತೋರಿಸುತ್ತವೆ, ಆದರೆ ತಪ್ಪಾಗದಂತೆ ದಾರಿಯನ್ನೂ ತೋರಿಸುತ್ತವೆ. ಬಣ್ಣದ ನೂಲಿನಿಂದ ನೇಯ್ದ ಪಟ್ಟೆ ಎಂದರೆ ಬಟ್ಟೆಯ ಎಳೆಯೇ ಕಣ್ಣಿಗೆ ಕಂಡಂತೆ. ಸ್ಕೇಲು ಹಿಡಿಯದೆಯೂ ನೇರವಾಗಿ ಕತ್ತರಿಸಬಹುದು. ಅಚ್ಚು ಹಾಕಿದ ಪಟ್ಟೆಯನ್ನು ಹೀಗೆ ನಂಬುವಂತಿಲ್ಲ. ಅಚ್ಚು ಬೀಳುವಾಗ ಬಟ್ಟೆ ಓರೆಯಾಗಿದ್ದರೆ ಪಟ್ಟೆ ಒಂದು ಕಡೆ, ಎಳೆ ಇನ್ನೊಂದು ಕಡೆ. ಒಂದು ಎಳೆ ಎಳೆದು ನೋಡಿದರೆ ಅಂಗಡಿಯಲ್ಲೇ ಗೊತ್ತಾಗುತ್ತದೆ. ಬಟ್ಟೆಯ ಹಿಮ್ಮಗ್ಗುಲು ಮಾಸಲಾಗಿದ್ದರೆ ಅದು ಅಚ್ಚಿನದು, ಎರಡೂ ಮಗ್ಗುಲು ಒಂದೇ ಥರ ಇದ್ದರೆ ಬಹುಪಾಲು ನೇಯ್ದದ್ದು. ದೊಡ್ಡ ದೊಡ್ಡ ಹೂವಿನ ಬಟ್ಟೆ ಆರಿಸಿದರೆ ಮುಂಭಾಗದ ಎರಡು ತುಂಡುಗಳಲ್ಲಿ ಹೂವು ಒಂದೇ ಎತ್ತರದಲ್ಲಿ ನಿಲ್ಲಬೇಕು, ಅದಕ್ಕೆ ಇನ್ನೊಂದು ಕಾಲು ಮೀಟರ್ ಬೇಕಾದೀತು. ಆನೆ, ನವಿಲು ಇರುವ ಬಟ್ಟೆಯಾದರೆ ತುಂಡುಗಳನ್ನೆಲ್ಲ ಒಂದೇ ದಿಕ್ಕಿಗೆ ಇಡಬೇಕು, ಇಲ್ಲದಿದ್ದರೆ ಹಿಂದುಗಡೆ ಆನೆ ತಲೆಕೆಳಗಾಗಿ ನಡೆಯುತ್ತದೆ. ಹೊರಗೆ ಕಾಣುವ ಪ್ಯಾಚ್ ಪಾಕೆಟ್ ಹಾಕುವವರು ಪಟ್ಟೆಗೆ ಪಟ್ಟೆ ಕೂಡಿಸಲು ತಿಣುಕುವುದಕ್ಕಿಂತ ಜೇಬಿನ ತುಂಡನ್ನು ಅಡ್ಡಕ್ಕೋ ಓರೆಗೋ ತಿರುಗಿಸಿ ಕತ್ತರಿಸಿದರೆ ಬೇಕೆಂದೇ ಹಾಗೆ ಮಾಡಿದಂತೆ ಚೆಂದ ಕಾಣುತ್ತದೆ.

ಜೇಬು ತೊಡೆಯ ಬಳಿ ಉಬ್ಬಿಕೊಂಡು ಆಕಾರ ಕೆಡಿಸುತ್ತದೆ ಎಂಬ ಆಕ್ಷೇಪಣೆ ಹಳೆಯದು. ಮೈಗಂಟುವ ಪ್ಯಾಂಟಿಗೆ ಅದು ನಿಜ. ಹತ್ತಿಯ ಸಡಿಲ ಚಡ್ಡಿಗೆ ಅನ್ವಯಿಸುವುದಿಲ್ಲ. ಅಲ್ಲಿ ಉಬ್ಬಲು ಬೇಕಾದ ಜಾಗ ಮೊದಲೇ ಇದೆ. ಬಟ್ಟೆ ತೀರ ದಪ್ಪವಾಗಿದ್ದರೆ ಜೇಬಿನ ಒಳಪದರಕ್ಕೆ ತೆಳು ಅಸ್ತರಿನ ಬಟ್ಟೆ ಹಾಕಿದರಾಯಿತು. ಅದನ್ನೂ ಮೊದಲು ನೆನೆಸಿ ಒಣಗಿಸಿರಬೇಕು ಎಂಬುದಷ್ಟೇ ಎಚ್ಚರ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಚಡ್ಡಿ ಕುಗ್ಗದೆ ಜೇಬು ಕುಗ್ಗಿದರೆ ಪಕ್ಕದ ಹೊಲಿಗೆ ಸುಕ್ಕುಗಟ್ಟಿ ನಿಲ್ಲುತ್ತದೆ.

ಇನ್ನೊಂದು ಆಕ್ಷೇಪಣೆ ತೂಕದ್ದು. ಹೊಲಿಗೆ ಮಿಷನ್ನು ಹೆಣ್ಣುಮಕ್ಕಳ ಕೆಲಸದ ಪಟ್ಟಿಗೆ ಇನ್ನೊಂದನ್ನು ಸೇರಿಸುತ್ತದೆ, ಅಂಗಡಿಯಲ್ಲಿ ಸಿಗುವುದನ್ನು ಮನೆಯಲ್ಲಿ ಹೊಲಿ ಎನ್ನುವುದು ಹಿಂದಕ್ಕೆ ಎಳೆದಂತೆ ಎನ್ನುವವರಿದ್ದಾರೆ. ಯಂತ್ರಗಳನ್ನು ಕಟುವಾಗಿ ಟೀಕಿಸಿದ ಗಾಂಧೀಜಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು ಎಂದು ನೆನಪಿಸಿದರೆ ಇವರಿಗೆ ಸಮಾಧಾನವಾಗದು, ಆಗಬೇಕಾಗಿಯೂ ಇಲ್ಲ. ಮನೆಮಂದಿಯ ಬಟ್ಟೆಯನ್ನೆಲ್ಲ ಒಬ್ಬಳೇ ಹೊಲಿಯಬೇಕು ಎಂದರೆ ಅದು ದುಡಿಮೆಯೇ, ಹವ್ಯಾಸವಲ್ಲ. ಚಡ್ಡಿ ಹೊಲಿಯಲು ಬೇಕಾದದ್ದು ನೇರ ಹೊಲಿಗೆ, ಒಂದು ಬಾಗು, ಸ್ವಲ್ಪ ತಾಳ್ಮೆ. ಇದರಲ್ಲಿ ಹೆಣ್ಣು ಗಂಡು ಎಂಬುದು ಎಲ್ಲಿಂದ ಬಂತು? ನಮ್ಮ ಊರುಗಳ ಸಿಂಪಿಗರು, ದರ್ಜಿಗಳು ತಲೆಮಾರುಗಳಿಂದ ಗಂಡಸರೇ. ಅಂಗಡಿಯ ಮಿಷನ್ನಿನ ಮುಂದೆ ಕೂತ ಗಂಡಸಿಗೆ ಇಲ್ಲದ ಸಂಕೋಚ ಮನೆಯ ಮಿಷನ್ನಿನ ಮುಂದೆ ಬೇಕಿಲ್ಲ. ಹೊಲಿಯಲು ಮನಸ್ಸೇ ಇಲ್ಲದವರು ಬೀದಿಯ ಟೈಲರಿಗೆ ಕೊಡಲಿ, ಅಭ್ಯಂತರವಿಲ್ಲ. ಆದರೆ ಜೇಬಿನ ಉದ್ದ, ಅಗಲ, ಬಾಯಿಯ ಅಳತೆ ಮೂರನ್ನೂ ಚೀಟಿಯಲ್ಲಿ ಬರೆದೇ ಕೊಡಬೇಕು. ಹಾಗೇ ಬಿಟ್ಟರೆ ಅವರೂ ರೂಢಿಯ ಅಳತೆಗೇ ಹೋಗುತ್ತಾರೆ.

ಗಂಡಸರ ಬರ್ಮುಡಾಗೆ ಜೇಬು ಇದ್ದೇ ಇದೆಯಲ್ಲ, ಇದು ಹೆಂಗಸರ ತಕರಾರು ಮಾತ್ರ ಎಂದು ತಳ್ಳಿಹಾಕುವವರೂ ಸಿಗುತ್ತಾರೆ. ಇದ್ದದ್ದು ನಿಜ. ಆದರೆ ಈ ಭೇದ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಮಕ್ಕಳ ವಿಷಯಕ್ಕೆ ಬನ್ನಿ. ಹುಡುಗರ ಚಡ್ಡಿಯ ಜೇಬಿನಲ್ಲಿ ಗೋಲಿ, ಬುಗುರಿ, ಹುರಿಗಡಲೆ ತುಂಬಿರುತ್ತಿದ್ದ ಕಾಲದಲ್ಲೂ ಹುಡುಗಿಯರ ಲಂಗಕ್ಕೆ ಜೇಬಿರುತ್ತಿದ್ದುದು ಅಪರೂಪ. ತಮ್ಮದೆನ್ನುವ ವಸ್ತುವನ್ನು ಯಾರ ಕೈಗೂ ಕೊಡದೆ ಜೊತೆಯಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಐದಾರು ವರ್ಷಕ್ಕೇ ಶುರುವಾಗುತ್ತದೆ. ಮಗಳಿಗೆ ಚಡ್ಡಿ ಹೊಲಿಯುವವರು ಮಗನ ಚಡ್ಡಿಯ ಜೇಬಿನ ಅಚ್ಚನ್ನೇ ಇಟ್ಟು ಕತ್ತರಿಸಿದರೆ ಮುಗಿಯಿತು, ಬೇರೆ ವಿದ್ಯೆ ಬೇಕಿಲ್ಲ.

ಹಾಗಾಗಿ ಈ ವಾರ ಬಟ್ಟೆ ಅಂಗಡಿಗೆ ಹೋಗುವವರು ಇಷ್ಟು ತನ್ನಿ: 44 ಇಂಚು ಪನ್ನದ, ಚಿಕ್ಕ ಚಿತ್ತಾರದ ಅಥವಾ ನೇಯ್ದ ಪಟ್ಟೆಯ ಹತ್ತಿ ಬಟ್ಟೆ ಒಂದೂಕಾಲು ಮೀಟರ್, ಒಂದೂಕಾಲು ಇಂಚು ಅಗಲದ ಇಲಾಸ್ಟಿಕ್ ನಿಮ್ಮ ಸೊಂಟದ ಸುತ್ತಳತೆಗಿಂತ ಎರಡು ಮೂರು ಇಂಚು ಕಡಿಮೆ, ಸೊಂಟ ಸುತ್ತಿ ಗಂಟು ಹಾಕುವಷ್ಟು ಲಾಡಿ, ಬಟ್ಟೆಗೆ ಹೊಂದುವ ದಾರದ ಒಂದು ಉಂಡೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯ ‘ಚರಕ’ದಂಥ ಕೈಮಗ್ಗದ ಬಟ್ಟೆ ಸಿಕ್ಕರೆ ಇನ್ನೂ ಒಳ್ಳೆಯದು, ಏನೂ ಸಿಗದಿದ್ದರೆ ಒಗೆದು ಒಗೆದು ಮೆತ್ತಗಾದ ಚೌಕಳಿ ಲುಂಗಿಯೂ ಆದೀತು, ಅದು ಕುಗ್ಗುವ ಭಯವೂ ಇಲ್ಲ. ಬಟ್ಟೆಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಒಣಗಿಸಿ. ಕತ್ತರಿ ಹಾಕುವ ಮೊದಲು ಕಾಗದದ ಜೇಬಿನ ಅಚ್ಚಿನ ಮೇಲೆ ನಿಮ್ಮ ಮೊಬೈಲಿಟ್ಟು, ಸುತ್ತ ಒಂದೊಂದು ಇಂಚು ಜಾಗ ಉಳಿದಿದೆಯೇ ನೋಡಿಕೊಳ್ಳಿ. ಉಳಿದಿಲ್ಲವಾದರೆ ಅಚ್ಚನ್ನು ದೊಡ್ಡದು ಮಾಡಿ, ಬಟ್ಟೆಯಲ್ಲಿ ಜಾಗ ಇದೆ.